ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್: ಬೂಟಬಲ್ ಪೆನ್‌ಡ್ರೈವ್ ಮಾಡಿಕೊಳ್ಳುವುದು ಹೇಗೆ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಗಿನಿಂದ ಓದುಗರು ಕೇಳುತ್ತಿರುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ಲ್ಯಾಪ್‌ಟಾಪ್ ಚೆನ್ನಾಗೇ ಇದೆ. ಆದ್ರೆ ವಿಂಡೋಸ್ 11 ಹಾಕೋಕೆ ಆಗಲ್ಲ ಅಂತ ತೋರಿಸ್ತಿದೆ. ಲಿನಕ್ಸ್ ಹಾಕ್ಕೊಳ್ಳಿ ಅಂತಾರೆ. ಅದಕ್ಕೆ ಪೆನ್‌ಡ್ರೈವ್ ಮಾಡೋದು ಹೇಗೆ?"

ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ಪ್ರೊಸೆಸರ್ ಕೂಡ ಮೈಕ್ರೋಸಾಫ್ಟ್ ಪಟ್ಟಿಯಲ್ಲಿರಬೇಕು. ಇಂಟೆಲ್ ಆದರೆ ಸುಮಾರಾಗಿ ಎಂಟನೇ ಪೀಳಿಗೆಯಿಂದ ಈಚೆಗಿನದು. ಆರನೇ ಅಥವಾ ಏಳನೇ ಪೀಳಿಗೆಯ ಐ5, 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಈ ಪಟ್ಟಿಯಿಂದ ಹೊರಗೆ ಬೀಳುತ್ತದೆ. ಅದೇ ಲ್ಯಾಪ್‌ಟಾಪ್ ಲಿನಕ್ಸ್ ಮಿಂಟ್‌ಗೆ, ಅಂದರೆ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್‌ಗೆ, ಧಾರಾಳವಾಗಿ ಸಾಕು. ಮಿಂಟ್ ಕೇಳುವುದು ಕನಿಷ್ಠ 2 ಜಿಬಿ ರ‍್ಯಾಮ್, ಆರಾಮಾಗಿ ನಡೆಯಲು 4 ಜಿಬಿ. ಒಳ್ಳೇ ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಇದನ್ನು ಪ್ರಯತ್ನಿಸಿ ನೋಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಪ್ರಯತ್ನ ಅಂದಾಕ್ಷಣ ವಿಂಡೋಸ್ ಅಳಿಸಬೇಕು ಅಂತಲ್ಲ. ಪೆನ್‌ಡ್ರೈವ್‌ನಿಂದಲೇ ಮಿಂಟ್ ನಡೆಸಿ ನೋಡಬಹುದು. ಇದಕ್ಕೆ ಲೈವ್ ಸೆಷನ್ ಅನ್ನುತ್ತಾರೆ. ಹಾರ್ಡ್‌ಡಿಸ್ಕ್‌ನಲ್ಲಿ ಇರುವುದು ಇದ್ದ ಹಾಗೇ ಇರುತ್ತದೆ. ಈ ಲೇಖನ ನಿಮ್ಮನ್ನು ಅಲ್ಲಿಯವರೆಗೆ ಕರೆದುಕೊಂಡು ಹೋಗುತ್ತದೆ.

ಬೂಟಬಲ್ ಅಂದರೆ ಏನು?

ಐಎಸ್‌ಒ ಫೈಲ್ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಕಾಪಿ-ಪೇಸ್ಟ್ ಮಾಡಿ, "ಬೂಟ್ ಆಗ್ತಿಲ್ಲ" ಅನ್ನುವವರು ಬಹಳ ಜನ. ಅದು ಆಗುವುದೂ ಇಲ್ಲ. ಐಎಸ್‌ಒ ಅಂದರೆ ಇಡೀ ಒಂದು ಡಿಸ್ಕ್‌ನ ಪಡಿಯಚ್ಚನ್ನು ಒಂದೇ ಫೈಲ್‌ನಲ್ಲಿ ಕಟ್ಟಿಟ್ಟದ್ದು. ಪವರ್ ಬಟನ್ ಒತ್ತಿದಾಗ ಮೊದಲು ಏಳುವುದು ವಿಂಡೋಸ್ ಅಲ್ಲ, ಮದರ್‌ಬೋರ್ಡ್‌ನಲ್ಲಿರುವ ಫರ್ಮ್‌ವೇರ್. ಹಳೇ ಯಂತ್ರಗಳಲ್ಲಿ ಅದರ ಹೆಸರು ಬಯಾಸ್, ಹೊಸದರಲ್ಲಿ ಯುಇಎಫ್‌ಐ. ಬಯಾಸ್ ಡಿಸ್ಕ್‌ನ ಮೊಟ್ಟಮೊದಲ 512 ಬೈಟ್‌ಗಳಲ್ಲಿ ಬೂಟ್ ಕೋಡ್ ಹುಡುಕುತ್ತದೆ. ಯುಇಎಫ್‌ಐ ಆದರೆ ಫ್ಯಾಟ್ ಅನ್ನುವ ಫೈಲ್ ಪದ್ಧತಿಯ ಪಾರ್ಟಿಷನ್‌ನ (ಡಿಸ್ಕ್‌ನ ಒಂದು ಭಾಗದ) ಒಳಗೆ 'ಇಎಫ್‌ಐ' ಅನ್ನುವ ಫೋಲ್ಡರ್ ಹುಡುಕುತ್ತದೆ. ಐಎಸ್‌ಒ ಫೈಲನ್ನು ಸುಮ್ನೆ ಒಳಗೆ ಹಾಕಿದರೆ ಇವೆರಡೂ ಸಿಗುವುದಿಲ್ಲ. ಐಎಸ್‌ಒ ಬಿಚ್ಚಿ, ಈ ವ್ಯವಸ್ಥೆಯ ಸಮೇತ ಬರೆಯಲು ಒಂದು ಸಾಫ್ಟ್‌ವೇರ್ ಬೇಕು. ಇಲ್ಲಿ ನಾವು ಬಳಸುವುದು ರೂಫಸ್.

ಏನೇನು ಬೇಕು?

- 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮದುವೆ ಫೋಟೊ, ಮಕ್ಕಳ ಮಾರ್ಕ್ಸ್‌ಕಾರ್ಡ್ ಏನಿದ್ದರೂ ಮೊದಲೇ ಬೇರೆ ಕಡೆ ತೆಗೆದಿಡಿ.
- ವಿಂಡೋಸ್ ಇರುವ ಒಂದು ಕಂಪ್ಯೂಟರ್. ಆ ಹಳೇ ಲ್ಯಾಪ್‌ಟಾಪ್ ಆದರೂ ಸರಿ, ಬೇರೆಯದಾದರೂ ಸರಿ.
- ಸುಮಾರು 3 ಜಿಬಿ ಡೌನ್‌ಲೋಡ್‌ಗೆ ಇಂಟರ್ನೆಟ್. ಮೊಬೈಲ್‌ನಲ್ಲಿ ದಿನಕ್ಕೆ ಒಂದೂವರೆ ಅಥವಾ ಎರಡು ಜಿಬಿ ಪ್ಯಾಕ್ ಇದ್ದರೆ ಒಂದೇ ದಿನದಲ್ಲಿ ಆಗುವುದಿಲ್ಲ. ಅಂಥವರು ಟೊರೆಂಟ್ (ಫೈಲನ್ನು ತುಂಡುತುಂಡಾಗಿ ಇಳಿಸುವ ವಿಧಾನ) ಬಳಸಿ. ನಿಂತ ಕಡೆಯಿಂದ ಮರುದಿನ ಮುಂದುವರಿಯುತ್ತದೆ.

ಪೆನ್‌ಡ್ರೈವ್ ಬಗ್ಗೆ ಒಂದು ಮಾತು. 64 ಜಿಬಿ ಅಂತ ಮೇಲೆ ಬರೆದು, ಒಳಗೆ ಅದರ ಕಾಲು ಭಾಗವೂ ಇಲ್ಲದ ನಕಲಿಗಳು ಮಾರುಕಟ್ಟೆಯಲ್ಲಿ ಓಡಾಡುತ್ತವೆ. ಬರೆಯುವಾಗ ಎಲ್ಲ ಸರಿಯಾಗಿ ಆದಂತೆ ಕಾಣುತ್ತದೆ. ಬೂಟ್ ಮಾಡುವಾಗ ಅರ್ಧದಲ್ಲಿ ನಿಲ್ಲುತ್ತದೆ. ಬೆಲೆ ತೀರಾ ಕಡಿಮೆ ಅನ್ನಿಸಿದರೆ ಅದನ್ನು ಈ ಕೆಲಸಕ್ಕೆ ಬಳಸಬೇಡಿ.

ಹಂತ 1: ವಿಂಡೋಸ್ ಕಡೆ ಮೂರು ವಿಷಯ ನೋಡಿಕೊಳ್ಳಿ

ಇದನ್ನು ಬಿಟ್ಟು ನೇರ ಪೆನ್‌ಡ್ರೈವ್‌ಗೆ ಹೋಗುವವರೇ ಆಮೇಲೆ ಜಾಸ್ತಿ ಕಷ್ಟಪಡುವುದು.

ಒಂದು, ಬಿಟ್‌ಲಾಕರ್. ಇದು ಹಾರ್ಡ್‌ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ 'ಡಿವೈಸ್ ಎನ್‌ಕ್ರಿಪ್ಷನ್' ಅನ್ನುವ ಹೆಸರಿನಲ್ಲಿ ಇರುತ್ತದೆ. ನೀವು ಆನ್ ಮಾಡಿರದಿದ್ದರೂ ತಾನಾಗೇ ಆನ್ ಆಗಿರಬಹುದು. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್‌ನಂಥ ಸೆಟ್ಟಿಂಗ್ ಬದಲಿಸಿದರೆ, ಮುಂದಿನ ಸಲ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಇಲ್ಲದಿದ್ದರೆ ನಿಮ್ಮ ಫೈಲ್‌ಗಳು ನಿಮಗೇ ಸಿಗುವುದಿಲ್ಲ. ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ನಿಮ್ಮ ಡಿವೈಸ್‌ನ ರಿಕವರಿ ಕೀ ಇದೆಯಾ ನೋಡಿ. ಇದ್ದರೆ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದೇ ಲ್ಯಾಪ್‌ಟಾಪ್‌ನಲ್ಲಿ ಸೇವ್ ಮಾಡಿಟ್ಟರೆ ಪ್ರಯೋಜನವಿಲ್ಲ.

ಎರಡು, ಫಾಸ್ಟ್ ಸ್ಟಾರ್ಟ್‌ಅಪ್. ವಿಂಡೋಸ್‌ನಲ್ಲಿ 'ಶಟ್ ಡೌನ್' ಒತ್ತಿದರೆ ಅದು ಪೂರ್ತಿ ಆಫ್ ಆಗುವುದಿಲ್ಲ, ಅರೆನಿದ್ದೆಗೆ ಜಾರುತ್ತದೆ. ಆಗ ಕೆಲವು ಯಂತ್ರಗಳು ಪೆನ್‌ಡ್ರೈವ್ ಕಡೆ ತಿರುಗಿಯೂ ನೋಡುವುದಿಲ್ಲ. ಲಿನಕ್ಸ್‌ನಿಂದ ವಿಂಡೋಸ್ ಡ್ರೈವ್ ತೆರೆದರೂ ಓದಲು ಮಾತ್ರ ಆಗುತ್ತದೆ, ಬರೆಯಲು ಆಗುವುದಿಲ್ಲ. ಸುಲಭ ಉಪಾಯ: ಶಿಫ್ಟ್ ಕೀ ಒತ್ತಿ ಹಿಡಿದುಕೊಂಡೇ ಶಟ್ ಡೌನ್ ಕ್ಲಿಕ್ ಮಾಡಿ. ಆಗ ಪೂರ್ತಿ ಆಫ್ ಆಗುತ್ತದೆ.

ಮೂರು, ನಿಮ್ಮ ಯಂತ್ರ ಯಾವ ಬಗೆಯದು ಅನ್ನುವುದು. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ 'ಎಂಎಸ್‌ಇನ್ಫೋ32' (msinfo32) ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. 'ಬಯಾಸ್ ಮೋಡ್' ಅನ್ನುವ ಸಾಲಿನಲ್ಲಿ ಯುಇಎಫ್‌ಐ ಅಥವಾ ಲೆಗಸಿ ಅಂತ ಇರುತ್ತದೆ. ಬರೆದುಕೊಳ್ಳಿ.

ಹಂತ 2: ಮಿಂಟ್ ಐಎಸ್‌ಒ ಇಳಿಸಿಕೊಳ್ಳಿ

ಲಿನಕ್ಸ್‌ಮಿಂಟ್ ಡಾಟ್ ಕಾಮ್‌ಗೆ ಹೋದರೆ ಮೂರು ಆವೃತ್ತಿ ಕಾಣುತ್ತವೆ: ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ. ಒಳಗಿನ ಸರಕು ಒಂದೇ, ಡೆಸ್ಕ್‌ಟಾಪ್‌ನ ರೂಪ ಬೇರೆ. 4 ಜಿಬಿ ರ‍್ಯಾಮ್ ಇದ್ದರೆ, ಅಥವಾ ಎಸ್‌ಎಸ್‌ಡಿ ಇಲ್ಲದೆ ಹಳೇ ಹಾರ್ಡ್‌ಡಿಸ್ಕ್ ಇದ್ದರೆ ಎಕ್ಸ್‌ಎಫ್‌ಸಿಇ ತಗೊಳ್ಳಿ. 8 ಜಿಬಿ ಇದ್ದರೆ ಸಿನಮನ್. ಮಾಟೆ ಇವೆರಡರ ನಡುವಿನದು.

2024ರಲ್ಲಿ ಬಂದ ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಡೌನ್‌ಲೋಡ್ ಪುಟದಲ್ಲಿ ದೇಶವಾರು ಮಿರರ್‌ಗಳ ಪಟ್ಟಿ ಇರುತ್ತದೆ. ಮಿರರ್ ಅಂದರೆ ಅದೇ ಫೈಲ್‌ನ ಪ್ರತಿ ಇಟ್ಟಿರುವ ಬೇರೆ ಸರ್ವರ್. ನಿಮಗೆ ಹತ್ತಿರದ್ದನ್ನು ಆರಿಸಿ. ಗೂಗಲ್‌ನಲ್ಲಿ ಹುಡುಕಿದಾಗ ಮೊದಲು ಬರುವ ಯಾವುದೋ 'ಫ್ರೀ ಡೌನ್‌ಲೋಡ್' ಸೈಟಿನಿಂದ ಇಳಿಸಬೇಡಿ.

ಡೌನ್‌ಲೋಡ್ ಪುಟದಲ್ಲೇ 'ಶಾ256ಸಮ್' ಅನ್ನುವ ಚಿಕ್ಕ ಟೆಕ್ಸ್ಟ್ ಫೈಲ್ ಕೂಡ ಇರುತ್ತದೆ. ಅದನ್ನೂ ಇಳಿಸಿಕೊಳ್ಳಿ.

ಹಂತ 3: ಫೈಲ್ ಅಸಲಿಯಾ, ಪೂರ್ತಿ ಬಂದಿದೆಯಾ ನೋಡಿ

ಎಲ್ಲರೂ ಹಾರಿಸಿ ಮುಂದೆ ಹೋಗುವ ಹಂತ ಇದೇ. ದಯವಿಟ್ಟು ನೀವು ಹಾರಿಸಬೇಡಿ. 2016ರ ಫೆಬ್ರವರಿಯಲ್ಲಿ ಯಾರೋ ಲಿನಕ್ಸ್ ಮಿಂಟ್‌ನ ವೆಬ್‌ಸೈಟಿಗೇ ನುಗ್ಗಿದ್ದರು. 17.3 ಸಿನಮನ್ ಆವೃತ್ತಿಯ ಡೌನ್‌ಲೋಡ್ ಲಿಂಕನ್ನು, ಕಳ್ಳದಾರಿ ಸೇರಿಸಿದ ಬೇರೊಂದು ಐಎಸ್‌ಒ ಕಡೆಗೆ ತಿರುಗಿಸಿದ್ದರು. ಮಿಂಟ್ ತಂಡ ತಾನೇ ಇದನ್ನು ಜನರಿಗೆ ತಿಳಿಸಿತು. ಇಂಥ ದೊಡ್ಡ ಘಟನೆ ಅಪರೂಪ. ಆದರೆ ನೆಟ್ ಕೈಕೊಟ್ಟು ಫೈಲ್ ಅರ್ಧಂಬರ್ಧ ಇಳಿಯುವುದು ದಿನನಿತ್ಯದ ಮಾತು.

ಚೆಕ್‌ಸಮ್ ಅಂದರೆ ಫೈಲ್‌ನಿಂದ ಲೆಕ್ಕ ಹಾಕಿ ತೆಗೆಯುವ ಒಂದು ಉದ್ದನೆಯ ಗುರುತು. ಫೈಲ್‌ನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಗುರುತು ಪೂರ್ತಿ ಬದಲಾಗುತ್ತದೆ. ಕಮಾಂಡ್ ಟೈಪ್ ಮಾಡುವ ಅಗತ್ಯವಿಲ್ಲ. ರೂಫಸ್‌ನಲ್ಲೇ ಇದಕ್ಕೆ ಬಟನ್ ಇದೆ. ರೂಫಸ್ ಸಿಗುವುದು ರೂಫಸ್ ಡಾಟ್ ಐಇ ಅನ್ನುವ ತಾಣದಲ್ಲಿ. ಇನ್‌ಸ್ಟಾಲ್ ಮಾಡಬೇಕಿಲ್ಲ, ಡೌನ್‌ಲೋಡ್ ಮಾಡಿ ಡಬಲ್ ಕ್ಲಿಕ್ ಮಾಡಿದರೆ ಸಾಕು. ನಿಮ್ಮಲ್ಲಿ ಇನ್ನೂ ವಿಂಡೋಸ್ 7 ಇದ್ದರೆ ಹೊಸ ರೂಫಸ್ ಓಡುವುದಿಲ್ಲ. ಅದೇ ತಾಣದ ಹಳೇ ಆವೃತ್ತಿಗಳಲ್ಲಿ 3.22 ತೆಗೆದುಕೊಳ್ಳಿ.

ಪೆನ್‌ಡ್ರೈವ್ ಚುಚ್ಚಿ, ರೂಫಸ್ ತೆರೆಯಿರಿ. 'ಸೆಲೆಕ್ಟ್' ಒತ್ತಿ ಮಿಂಟ್ ಐಎಸ್‌ಒ ಆರಿಸಿ. ಸೆಲೆಕ್ಟ್ ಪಕ್ಕದಲ್ಲೇ ಒಂದು ರೈಟ್ ಗುರುತಿನ ಪುಟ್ಟ ಬಟನ್ ಇದೆ. ಅದನ್ನು ಒತ್ತಿ ಸ್ವಲ್ಪ ಹೊತ್ತು ಕಾಯಿರಿ. ಬರುವ ಪಟ್ಟಿಯಲ್ಲಿ ಶಾ-256 ಸಾಲನ್ನು, ಟೆಕ್ಸ್ಟ್ ಫೈಲ್‌ನಲ್ಲಿ ನಿಮ್ಮ ಐಎಸ್‌ಒ ಹೆಸರಿನ ಮುಂದೆ ಇರುವ ಸಾಲಿನ ಜೊತೆ ಹೋಲಿಸಿ. 64 ಅಕ್ಷರ ಇರುತ್ತವೆ. ಮೊದಲ ಎಂಟು ಮತ್ತು ಕೊನೆಯ ಎಂಟು ನೋಡಿದರೆ ಅರ್ಧಂಬರ್ಧ ಇಳಿದ ಫೈಲ್ ಸಿಕ್ಕಿಬೀಳುತ್ತದೆ. ಕುತಂತ್ರದ ಫೈಲ್ ಇರಬಹುದು ಅನ್ನುವ ಅನುಮಾನ ಇದ್ದರೆ ಎಲ್ಲ ಅಕ್ಷರಗಳನ್ನೂ ಹೋಲಿಸಿ. ಹೊಂದದಿದ್ದರೆ ಫೈಲ್ ಅಳಿಸಿ, ಬೇರೆ ಮಿರರ್‌ನಿಂದ ಮತ್ತೆ ಇಳಿಸಿ.

ಐಎಸ್‌ಒ ಯಾವ ಮಿರರ್‌ನಿಂದ ಬಂದರೂ, ಚೆಕ್‌ಸಮ್ ಮಾತ್ರ ಮಿಂಟ್‌ನ ಸ್ವಂತ ತಾಣ ತೋರಿಸುವ ಜಾಗದಿಂದಲೇ ಇರಲಿ. ಎರಡೂ ಒಂದೇ ಜಾಗದಿಂದ ಬಂದರೆ ಕೆಡಿಸಿದವನು ಎರಡನ್ನೂ ಬದಲಿಸಿರಬಹುದು, ಅಲ್ವಾ?

ಹಂತ 4: ಬರೆಯಿರಿ

ರೂಫಸ್‌ನಲ್ಲಿ ಮೇಲಿಂದ ಕೆಳಗೆ ಒಂದೊಂದೇ ನೋಡಿಕೊಂಡು ಬನ್ನಿ.

1. ಡಿವೈಸ್: ಇಲ್ಲಿ ನಿಮ್ಮ ಪೆನ್‌ಡ್ರೈವ್‌ನ ಹೆಸರು, ಗಾತ್ರ ಇರಬೇಕು. ಎರಡು ಪೆನ್‌ಡ್ರೈವ್ ಚುಚ್ಚಿದ್ದರೆ ಬೇಡದ್ದನ್ನು ಎಳೆದುಬಿಡಿ. ರೂಫಸ್ ಹೊರಗಿನ ಹಾರ್ಡ್‌ಡಿಸ್ಕ್‌ಗಳನ್ನು ತಾನಾಗಿ ತೋರಿಸುವುದಿಲ್ಲ, ಅದು ಒಳ್ಳೆಯದೇ. ಆದರೂ ಬ್ಯಾಕಪ್ ಡಿಸ್ಕ್ ಜೋಡಿಸಿಕೊಂಡು ಈ ಕೆಲಸಕ್ಕೆ ಕೂರಬೇಡಿ.

2. ಪರ್ಸಿಸ್ಟೆಂಟ್ ಪಾರ್ಟಿಷನ್: ಲೈವ್ ಸೆಷನ್‌ನಲ್ಲಿ ಮಾಡಿದ ಕೆಲಸ ಉಳಿಸಿಕೊಳ್ಳಲು ಇರುವ ಜಾಗ. ಮೊದಲ ಸಲಕ್ಕೆ ಸೊನ್ನೆಯಲ್ಲೇ ಬಿಡಿ.

3. ಪಾರ್ಟಿಷನ್ ಸ್ಕೀಮ್: ಎಂಬಿಆರ್, ಜಿಪಿಟಿ ಅಂತ ಎರಡು ಆಯ್ಕೆ. ಡಿಸ್ಕ್‌ನಲ್ಲಿ ಜಾಗ ಹಂಚುವ ಎರಡು ಪದ್ಧತಿಗಳು ಇವು. ಎಂಬಿಆರ್ ಆರಿಸಿ, ಟಾರ್ಗೆಟ್ ಸಿಸ್ಟಮ್ 'ಬಯಾಸ್ ಅಥವಾ ಯುಇಎಫ್‌ಐ' ಅಂತ ತೋರಿಸಿದರೆ ಹಾಗೇ ಇರಲಿ. ಅದೇ ಪೆನ್‌ಡ್ರೈವ್ ಎರಡೂ ಬಗೆಯ ಯಂತ್ರಕ್ಕೆ ಆಗುತ್ತದೆ. ಯುಇಎಫ್‌ಐ ಯಂತ್ರದಲ್ಲಿ ಏನಾದರೂ ತೊಂದರೆ ಬಂದರೆ ಮಾತ್ರ ಜಿಪಿಟಿ ಮಾಡಿ ಇನ್ನೊಮ್ಮೆ ಬರೆಯಿರಿ.

4. ಫೈಲ್ ಸಿಸ್ಟಮ್: ಫ್ಯಾಟ್32. ಅದನ್ನು ಮುಟ್ಟಬೇಡಿ.

5. 'ಸ್ಟಾರ್ಟ್' ಒತ್ತಿ. ಸಿಸ್‌ಲಿನಕ್ಸ್ ಅಥವಾ ಗ್ರಬ್ ಫೈಲ್ ಡೌನ್‌ಲೋಡ್ ಮಾಡಲಾ ಅಂತ ಕೇಳಿದರೆ ಹೂಂ ಅನ್ನಿ. ಇವು ಬೂಟ್ ಮೆನು ತೋರಿಸುವ ಚಿಕ್ಕ ಪ್ರೋಗ್ರಾಂಗಳು.

6. 'ಐಎಸ್‌ಒ ಹೈಬ್ರಿಡ್ ಇಮೇಜ್' ಅನ್ನುವ ಕಿಟಕಿ ಬಂದು, ಐಎಸ್‌ಒ ಮೋಡ್ ಬೇಕಾ, ಡಿಡಿ ಮೋಡ್ ಬೇಕಾ ಅಂತ ಕೇಳುತ್ತದೆ. ಐಎಸ್‌ಒ ಮೋಡ್‌ನಲ್ಲಿ ಫೈಲ್‌ಗಳನ್ನು ಬಿಚ್ಚಿ ಜೋಡಿಸುತ್ತದೆ. ಡಿಡಿ ಮೋಡ್‌ನಲ್ಲಿ ಇದ್ದದ್ದನ್ನು ಇದ್ದ ಹಾಗೇ, ಬೈಟ್‌ಗೆ ಬೈಟ್ ಬರೆಯುತ್ತದೆ. ಮೊದಲು ಐಎಸ್‌ಒ ಮೋಡ್ ಆರಿಸಿ. ಬೂಟ್ ಆಗದಿದ್ದರೆ ಡಿಡಿ ಮೋಡ್‌ನಲ್ಲಿ ಮತ್ತೆ ಬರೆಯಿರಿ.

7. ಎಲ್ಲ ಡೇಟಾ ಅಳಿಸಿಹೋಗುತ್ತದೆ ಅನ್ನುವ ಎಚ್ಚರಿಕೆ ಬರುತ್ತದೆ. ಇಲ್ಲಿ ಇನ್ನೊಮ್ಮೆ ಡ್ರೈವ್ ಹೆಸರು ಓದಿ, ಆಮೇಲೆ ಓಕೆ.

ಹಸಿರು ಪಟ್ಟಿ ತುಂಬಿ 'ರೆಡಿ' ಅಂತ ಬಂದರೆ ಮುಗಿಯಿತು. ಹಳೇ ಪೆನ್‌ಡ್ರೈವ್‌ನಲ್ಲಿ ಹಸಿರು ಪಟ್ಟಿ ಕೊನೆಯಲ್ಲಿ ಬಹಳ ಹೊತ್ತು ನಿಂತಂತೆ ಕಾಣಬಹುದು. ಎಳೆಯಬೇಡಿ, ಕಾಯಿರಿ. ಕ್ಲೋಸ್ ಒತ್ತಿ, ಇಜೆಕ್ಟ್ ಮಾಡಿಯೇ ತೆಗೆಯಿರಿ.

ಡಿಡಿ ಮೋಡ್‌ನಲ್ಲಿ ಬರೆದವರು ಗಮನಿಸಿ. ಆ ಪೆನ್‌ಡ್ರೈವನ್ನು ವಿಂಡೋಸ್‌ಗೆ ಮತ್ತೆ ಚುಚ್ಚಿದರೆ "ಈ ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು" ಅಂತ ಕೇಳಬಹುದು. ಪೆನ್‌ಡ್ರೈವ್ ಕೆಟ್ಟಿಲ್ಲ. ಲಿನಕ್ಸ್ ಬರೆದ ಪಾರ್ಟಿಷನ್ ವಿಂಡೋಸ್‌ಗೆ ಅರ್ಥವಾಗುತ್ತಿಲ್ಲ ಅಷ್ಟೆ. ಕ್ಯಾನ್ಸಲ್ ಒತ್ತಿ. ಫಾರ್ಮ್ಯಾಟ್ ಒತ್ತಿದರೆ ಮಾಡಿದ ಕೆಲಸವೆಲ್ಲ ಹೋಯಿತು.

ಮ್ಯಾಕ್‌ನಲ್ಲಿ ಕೂತು ಪೆನ್‌ಡ್ರೈವ್ ಮಾಡುವವರಿಗೆ ರೂಫಸ್ ಇಲ್ಲ. ಬಲೀನಾ ಎಚರ್ ಬಳಸಿ. ಐಎಸ್‌ಒ, ಪೆನ್‌ಡ್ರೈವ್ ಆರಿಸಿ ಫ್ಲ್ಯಾಶ್ ಒತ್ತುವುದು, ಅಷ್ಟೇ ಕೆಲಸ. ಆದರೆ ಈ ಮಿಂಟ್ ಪೆನ್‌ಡ್ರೈವ್ ಎಂ1 ಮತ್ತು ನಂತರದ ಚಿಪ್ ಇರುವ ಮ್ಯಾಕ್‌ಗಳಲ್ಲಿ ಬೂಟ್ ಆಗುವುದಿಲ್ಲ.

ಹಂತ 5: ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ

ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಪೆನ್‌ಡ್ರೈವ್ ಚುಚ್ಚಿ, ಪವರ್ ಒತ್ತಿ. ತಕ್ಷಣ ಬೂಟ್ ಮೆನು ಕೀಯನ್ನು ಬಿಟ್ಟುಬಿಟ್ಟು ಒತ್ತುತ್ತಾ ಇರಿ. ಕಂಪನಿಯ ಲೋಗೋ ಬಂದ ಮೇಲೆ ಒತ್ತಲು ಶುರುಮಾಡಿದರೆ ತಡವಾಯಿತು.

- ಡೆಲ್: ಎಫ್12
- ಲೆನೊವೊ: ಎಫ್12. ಕೆಲವು ಐಡಿಯಾಪ್ಯಾಡ್‌ಗಳಲ್ಲಿ ಪಕ್ಕದಲ್ಲಿ ಸೂಜಿ ತೂರಿಸಿ ಒತ್ತುವ ಪುಟ್ಟ 'ನೋವೋ' ಬಟನ್ ಇರುತ್ತದೆ
- ಎಚ್‌ಪಿ: ಎಸ್ಕೇಪ್, ಆಮೇಲೆ ಎಫ್9
- ಏಸರ್: ಎಫ್12. ಕೆಲವದರಲ್ಲಿ ಮೊದಲು ಎಫ್2 ಒತ್ತಿ ಬಯಾಸ್ ಒಳಗೆ ಹೋಗಿ ಎಫ್12 ಬೂಟ್ ಮೆನು ಆನ್ ಮಾಡಬೇಕು
- ಏಸಸ್ ಲ್ಯಾಪ್‌ಟಾಪ್: ಎಸ್ಕೇಪ್

ಕೀ ಹಿಡಿತಕ್ಕೆ ಸಿಗದಿದ್ದರೆ ವಿಂಡೋಸ್ 10ರ ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ಅಂಡ್ ಸೆಕ್ಯೂರಿಟಿ, ಅದರೊಳಗೆ ರಿಕವರಿ, ಅಲ್ಲಿ ಅಡ್ವಾನ್ಸ್‌ಡ್ ಸ್ಟಾರ್ಟ್‌ಅಪ್‌ನ 'ರೀಸ್ಟಾರ್ಟ್ ನೌ' ಒತ್ತಿ. ನೀಲಿ ಪರದೆಯಲ್ಲಿ 'ಯೂಸ್ ಎ ಡಿವೈಸ್' ಆರಿಸಿದರೆ ಪೆನ್‌ಡ್ರೈವ್ ಹೆಸರು ಬರುತ್ತದೆ. ಇದು ಯುಇಎಫ್‌ಐ ಯಂತ್ರಗಳಿಗೆ ಮಾತ್ರ.

ಪೆನ್‌ಡ್ರೈವ್ ಹೆಸರೇ ಮೆನುವಿನಲ್ಲಿ ಇಲ್ಲ ಅಂದರೆ ಮೊದಲು ಬೇರೆ ಪೋರ್ಟ್‌ಗೆ ಚುಚ್ಚಿ ನೋಡಿ. ಕೆಲವು ಹಳೇ ಯಂತ್ರಗಳು ಒಳಗೆ ನೀಲಿ ಬಣ್ಣವಿರುವ ಯುಎಸ್‌ಬಿ 3 ಪೋರ್ಟ್‌ನಿಂದ ಬೂಟ್ ಆಗುವುದಿಲ್ಲ, ಕಪ್ಪು ಪೋರ್ಟ್‌ನಿಂದ ಆಗುತ್ತವೆ. ಹಬ್ ಮೂಲಕ ಚುಚ್ಚಬೇಡಿ.

'ಸೆಕ್ಯೂರ್ ಬೂಟ್' ಅಂದರೆ ಸಹಿ ಇಲ್ಲದ ಬೂಟ್ ಪ್ರೋಗ್ರಾಂಗಳನ್ನು ಯುಇಎಫ್‌ಐ ತಡೆಯುವ ವ್ಯವಸ್ಥೆ. ಮಿಂಟ್‌ಗೆ ಸಹಿ ಇರುವುದರಿಂದ ಸಾಮಾನ್ಯವಾಗಿ ಅದು ಆನ್ ಇದ್ದರೂ ನಡೆಯುತ್ತದೆ. ಆದರೆ 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಆದಮೇಲೆ, ಹಳೇ ಲಿನಕ್ಸ್ ಐಎಸ್‌ಒಗಳನ್ನು ಹಾಕಿದಾಗ 'ಎಸ್‌ಬ್ಯಾಟ್' ಮತ್ತು 'ಸೆಕ್ಯೂರಿಟಿ ಪಾಲಿಸಿ ವಯೊಲೇಷನ್' ಅನ್ನುವ ಸಂದೇಶ ಬಂದು ಬಹಳ ಜನರ ಯಂತ್ರ ನಿಂತಿತ್ತು. ಅದಕ್ಕೇ ಎರಡು ವರ್ಷದ ಹಿಂದೆ ಸ್ನೇಹಿತರು ಮಾಡಿಕೊಟ್ಟ ಪೆನ್‌ಡ್ರೈವ್ ಬೇಡ. ಈಗಿನ ಐಎಸ್‌ಒದಿಂದ ಹೊಸದಾಗಿ ಮಾಡಿ. ಅಷ್ಟಾದರೂ ತಡೆದರೆ ಸೆಕ್ಯೂರ್ ಬೂಟ್ ಆಫ್ ಮಾಡಬಹುದು. ಅದಕ್ಕೂ ಮುಂಚೆ ಬಿಟ್‌ಲಾಕರ್ ಕೀ ಕೈಯಲ್ಲಿರಲಿ.

ಮೆನುವಿನಲ್ಲಿ 'ಸ್ಟಾರ್ಟ್ ಲಿನಕ್ಸ್ ಮಿಂಟ್' ಆರಿಸಿ. ಪರದೆ ಕಪ್ಪಾಗಿಯೇ ಉಳಿದರೆ, ಮತ್ತೆ ಬೂಟ್ ಮಾಡಿ 'ಕಂಪ್ಯಾಟಿಬಿಲಿಟಿ ಮೋಡ್' ಆರಿಸಿ. ಎನ್‌ವಿಡಿಯಾ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇದು ಬೇಕಾಗಬಹುದು.

ಹಂತ 6: ಇನ್‌ಸ್ಟಾಲ್ ಐಕಾನ್ ಮುಟ್ಟುವ ಮೊದಲು

ಡೆಸ್ಕ್‌ಟಾಪ್ ಮೇಲೆ 'ಇನ್‌ಸ್ಟಾಲ್ ಲಿನಕ್ಸ್ ಮಿಂಟ್' ಅನ್ನುವ ಐಕಾನ್ ಇರುತ್ತದೆ. ಅದನ್ನು ಬಿಟ್ಟು ಮಿಕ್ಕದ್ದೆಲ್ಲ ನೋಡಿ. ಪೆನ್‌ಡ್ರೈವ್‌ನಿಂದ ಓಡುತ್ತಿರುವುದರಿಂದ ನಿಧಾನ ಅನ್ನಿಸುತ್ತದೆ. ಹಾರ್ಡ್‌ಡಿಸ್ಕ್‌ಗೆ ಹೋದ ಮೇಲೆ ಇಷ್ಟು ನಿಧಾನ ಇರುವುದಿಲ್ಲ.

ವೈಫೈ ಬರುತ್ತಿದೆಯಾ? ಬ್ರಾಡ್‌ಕಾಮ್ ಚಿಪ್ ಇರುವ ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಮೊದಲಿಗೆ ಬರದಿರಬಹುದು. ಆಗ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇಂಟರ್ನೆಟ್ ತಕ್ಷಣ ಬರುತ್ತದೆ. ಆಮೇಲೆ ಮಿಂಟ್‌ನ 'ಡ್ರೈವರ್ ಮ್ಯಾನೇಜರ್' ತೆರೆದರೆ ಬೇಕಾದ ಡ್ರೈವರ್ ತೋರಿಸುತ್ತದೆ. ಸೌಂಡ್, ಟಚ್‌ಪ್ಯಾಡ್, ಬ್ರೈಟ್‌ನೆಸ್ ಕೀ, ವೆಬ್‌ಕ್ಯಾಮ್ ಒಂದೊಂದು ಸಲ ನೋಡಿಬಿಡಿ. ಮುಚ್ಚಳ ಮುಚ್ಚಿ ತೆರೆದಾಗ ಸರಿಯಾಗಿ ಏಳುತ್ತದೆಯಾ ಅನ್ನುವುದನ್ನೂ ನೋಡಿ. ಮನೆಯ ಪ್ರಿಂಟರ್ ಜೋಡಿಸಿ ಒಂದು ಪುಟ ತೆಗೆಯಿರಿ.

ಕನ್ನಡ ಟೈಪಿಂಗ್ ಕೂಡ ಇಲ್ಲೇ ನೋಡಬಹುದು. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಲೇಔಟ್ ಸೇರಿಸುವ ಜಾಗಕ್ಕೆ ಹೋಗಿ, ಭಾರತೀಯ ಲೇಔಟ್‌ಗಳ ಪಟ್ಟಿಯಲ್ಲಿ 'ಕನ್ನಡ ಕಗಪ ಫೊನೆಟಿಕ್' ಆರಿಸಿ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ಸಾಫ್ಟ್‌ವೇರ್‌ನಲ್ಲಿ ನೀವು ಬಳಸುವ ವಿನ್ಯಾಸವೇ ಇದು. ಟೆಕ್ಸ್ಟ್ ಎಡಿಟರ್ ತೆರೆದು ಕೆ, ಎನ್, ಎಫ್, ಎನ್, ಡಬ್ಲ್ಯೂ ಕೀಗಳನ್ನು ಸಾಲಾಗಿ ಒತ್ತಿ. 'ಕನ್ನಡ' ಅಂತ ಮೂಡಿದರೆ ನಿಮ್ಮ ಬೆರಳುಗಳು ಹೊಸದೇನೂ ಕಲಿಯಬೇಕಿಲ್ಲ. ಒತ್ತಕ್ಷರಕ್ಕೆ ಎಫ್, ಮೊದಲಿನ ಹಾಗೇ.

ಆದರೆ ಒಂದು ವಿಷಯ ನೇರವಾಗಿ ಹೇಳಬೇಕು. ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ವರ್ಷಗಟ್ಟಲೆ ಟೈಪ್ ಮಾಡಿಟ್ಟ ಕಡತಗಳು ಯುನಿಕೋಡ್‌ನಲ್ಲಿ ಇರುವುದಿಲ್ಲ. ಮಿಂಟ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ವಿಂಡೋಸ್ ಇರುವಾಗಲೇ ಅವನ್ನು ಯುನಿಕೋಡ್‌ಗೆ ಬದಲಿಸಿಕೊಳ್ಳಿ. ಟ್ಯಾಲಿ ಬಳಸುವ ಅಂಗಡಿಯವರು, ಡಿಜಿಟಲ್ ಸಹಿಯ ಡಾಂಗಲ್ ಇಟ್ಟುಕೊಂಡು ಕೆಲಸ ಮಾಡುವವರು ವಿಂಡೋಸ್ ಪೂರ್ತಿ ತೆಗೆಯುವ ಯೋಚನೆ ಮಾಡಬೇಡಿ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳುವುದು, ಅಂದರೆ ಡ್ಯುಯಲ್ ಬೂಟ್, ಅಥವಾ ಆ ಕೆಲಸಕ್ಕೆ ಬೇರೆ ಯಂತ್ರ ಇಡುವುದು ಲೇಸು.

ಎಲ್ಲ ಸರಿ ಅನ್ನಿಸಿ ಇನ್‌ಸ್ಟಾಲ್ ಒತ್ತುವ ದಿನ, 'ಇರೇಸ್ ಡಿಸ್ಕ್' ಅನ್ನುವ ಆಯ್ಕೆಯ ಮುಂದೆ ನಿಂತು ಎರಡು ಸಲ ಓದಿ. ಅದು ವಿಂಡೋಸ್, ಸಿ ಡ್ರೈವ್, ಡಿ ಡ್ರೈವ್ ಎಲ್ಲವನ್ನೂ ಒಟ್ಟಿಗೆ ಅಳಿಸುತ್ತದೆ. 'ಡಿ ಡ್ರೈವ್‌ನಲ್ಲಿ ಫೋಟೊ ಇದೆ, ಅದಕ್ಕೇನೂ ಆಗಲ್ಲ' ಅಂತ ನಂಬಿ ಕಳೆದುಕೊಂಡವರಿದ್ದಾರೆ. ಬ್ಯಾಕಪ್ ಬೇರೆ ಡಿಸ್ಕ್‌ನಲ್ಲೇ ಇರಬೇಕು.

ಲಿನಕ್ಸ್‌ನಿಂದ ವಿಂಡೋಸ್ ಪೆನ್‌ಡ್ರೈವ್ ಬೇಕಾದರೆ

ಇದು ಇದರ ತಿರುವುಮುರುವು ಪ್ರಶ್ನೆ. ಮಿಂಟ್‌ಗೆ ಬಂದವರಿಗೆ ಯಾರದೋ ಲ್ಯಾಪ್‌ಟಾಪ್‌ಗೆ ವಿಂಡೋಸ್ ಹಾಕಿಕೊಡಬೇಕಾಗುತ್ತದೆ. ವಿಂಡೋಸ್ ಐಎಸ್‌ಒವನ್ನು ಡಿಡಿ ರೀತಿಯಲ್ಲಿ ಹಾಗೇ ಬರೆದರೆ ಬೂಟ್ ಆಗುವುದಿಲ್ಲ, ಅದು ಹೈಬ್ರಿಡ್ ಅಲ್ಲ. ಫ್ಯಾಟ್32ಗೆ ಕಾಪಿ ಮಾಡಲು ಹೋದರೂ ತೊಡಕು. ಅದರೊಳಗಿನ 'ಇನ್‌ಸ್ಟಾಲ್ ವಿಮ್' ಫೈಲ್ ಸಾಮಾನ್ಯವಾಗಿ 4 ಜಿಬಿ ದಾಟಿರುತ್ತದೆ. ಫ್ಯಾಟ್32 ಅಷ್ಟು ದೊಡ್ಡ ಒಂದೇ ಫೈಲನ್ನು ಇಟ್ಟುಕೊಳ್ಳುವುದಿಲ್ಲ. ಇದಕ್ಕೆ ವೆಂಟಾಯ್ ಸುಲಭ. ಪೆನ್‌ಡ್ರೈವ್‌ಗೆ ಒಂದು ಸಲ ವೆಂಟಾಯ್ ಹಾಕಿದರೆ, ಆಮೇಲೆ ಐಎಸ್‌ಒ ಫೈಲ್‌ಗಳನ್ನು ನಿಜವಾಗಿಯೂ ಕಾಪಿ-ಪೇಸ್ಟ್ ಮಾಡಿದರೆ ಸಾಕು. ವಿಂಡೋಸ್, ಮಿಂಟ್ ಎರಡನ್ನೂ ಒಂದರಲ್ಲೇ ಇಡಬಹುದು. ಸೆಕ್ಯೂರ್ ಬೂಟ್ ಆನ್ ಇರುವ ಯಂತ್ರದಲ್ಲಿ ಮೊದಲ ಸಲ ಅದರ ಕೀ ದಾಖಲಿಸಲು ಕೇಳುತ್ತದೆ.

ಪೆನ್‌ಡ್ರೈವನ್ನು ಮತ್ತೆ ಮಾಮೂಲಿ ಮಾಡಲು

ಕೆಲಸ ಮುಗಿದ ಮೇಲೆ ಪೆನ್‌ಡ್ರೈವ್‌ನ ಗಾತ್ರ ಕಡಿಮೆ ತೋರಿಸುತ್ತಿದೆ ಅಂತ ಗಾಬರಿಯಾಗಬೇಡಿ. ವಿಂಡೋಸ್‌ನಲ್ಲಿ ರೂಫಸ್ ತೆರೆದು, 'ಬೂಟ್ ಸೆಲೆಕ್ಷನ್' ಜಾಗದಲ್ಲಿ 'ನಾನ್ ಬೂಟಬಲ್' ಆರಿಸಿ ಸ್ಟಾರ್ಟ್ ಒತ್ತಿ. ಮಿಂಟ್‌ನಲ್ಲಾದರೆ ಮೆನುವಿನಲ್ಲಿ 'ಯುಎಸ್‌ಬಿ ಸ್ಟಿಕ್ ಫಾರ್ಮ್ಯಾಟರ್' ಇದೆ. ಟಿವಿ, ಕಾರಿನ ಸ್ಟೀರಿಯೊಗೂ ಬೇಕಾದರೆ ಫ್ಯಾಟ್32, ದೊಡ್ಡ ವಿಡಿಯೊ ಫೈಲ್ ಇಡಬೇಕಾದರೆ ಎಕ್ಸ್‌ಫ್ಯಾಟ್ ಆರಿಸಿಕೊಳ್ಳಿ.